ಮಹಾಶ್ವಾಸ: ಅಮ್ಲ–ಕ್ಷಾರ ವೈಷಮ್ಯದ ಶುಶ್ರೂಷೆಯ ಚರಿತ್ರೆ

೧

ರೋಗಿಯ ಉಸಿರಾಟವನ್ನು ನೋಡಿ ರೋಗದ ಗತಿಯನ್ನು ನಿರ್ಣಯಿಸುವ ವಾಡಿಕೆಯು ಭಾರತೀಯ ವೈದ್ಯದಲ್ಲಿ ಬಹು ಪ್ರಾಚೀನವಾದುದು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಬಿಕ್ಕಳಿಕೆಯನ್ನೂ ಶ್ವಾಸವನ್ನೂ ಕುರಿತ ಅಧ್ಯಾಯವು ಶ್ವಾಸರೋಗವನ್ನು ಮಹಾಶ್ವಾಸ, ಊರ್ಧ್ವಶ್ವಾಸ, ಛಿನ್ನಶ್ವಾಸ, ತಮಕಶ್ವಾಸ, ಕ್ಷುದ್ರಶ್ವಾಸ ಎಂದು ಐದು ಬಗೆಯಾಗಿ ವಿಂಗಡಿಸುವುದು. ಇವುಗಳಲ್ಲಿ ಮೊದಲನೆಯದಾದ ಮಹಾಶ್ವಾಸಕ್ಕೆ ಒಳಗಾದವನು ಮದಿಸಿದ ಗೂಳಿಯಂತೆ ಎಡೆಬಿಡದೆ ಸದ್ದುಮಾಡುತ್ತ ಉಸಿರಾಡುವನು. ಆ ಸದ್ದು ದೂರಕ್ಕೂ ಕೇಳಿಸುವುದು. ಅವನ ಅರಿವು ಅಳಿದಿರುವುದು, ಕಣ್ಣು ನಿಲುಗಡೆಯಿಲ್ಲದೆ ಹೊರಳುವುದು, ಮಾತು ಒಡೆಯುವುದು. ಇಂತಹವನು ಬೇಗನೆ ಸಾಯುವನೆಂಬುದು ಶಾಸ್ತ್ರದ ತೀರ್ಮಾನ. ತಮಕಶ್ವಾಸವನ್ನು ಹೇಗೋ ಹಿಡಿತದಲ್ಲಿಟ್ಟುಕೊಂಡು ಕಾಲ ಕಳೆಯಬಹುದು, ಕ್ಷುದ್ರಶ್ವಾಸವು ಗುಣವಾಗುವುದು. ಮೊದಲಿನ ಮೂರಕ್ಕೆ ಮದ್ದಿಲ್ಲ.

ಕನ್ನಡದ ಆಡುಮಾತಿನಲ್ಲಿ ಇದಕ್ಕೆ ಸಮೀಪವಾದ ಪದವು ‘ಮೇಲುಸಿರು’. ರೋಗಿಗೆ ಮೇಲುಸಿರು ಹತ್ತಿತೆಂದರೆ ದೂರದ ಬಂಧುಗಳಿಗೆ ಹೇಳಿಕಳುಹಿಸುವ ಹೊತ್ತು ಬಂದಿತೆಂದು ಹಳ್ಳಿಯ ಮನೆಗಳಲ್ಲಿ ತಿಳಿಯುವರು. ಶಾಸ್ತ್ರದ ಮಹಾಶ್ವಾಸವೂ ಆಡುಮಾತಿನ ಮೇಲುಸಿರೂ ಒಂದೇ ಎಂದು ಸಾಧಿಸಹೊರಟರೆ ಎಡವಬೇಕಾದೀತು. ಏಕೆಂದರೆ ಮೇಲುಸಿರು ಎಂಬ ಒಂದೇ ಮಾತು ಹಲವು ಬಗೆಯ ಕೊನೆಯುಸಿರುಗಳಿಗೆ ಸಲ್ಲುತ್ತದೆ. ಆದರೆ ಒಂದು ಅಂಶದಲ್ಲಿ ಎರಡೂ ಕೂಡುತ್ತವೆ. ಎರಡೂ ಅರಿಷ್ಟಗಳು, ಎಂದರೆ ಮರಣಸೂಚಕ ಲಕ್ಷಣಗಳು. ಅರಿಷ್ಟವನ್ನು ಕಂಡವನಿಗೆ ಮಾಡುವ ಕೆಲಸವೇನೂ ಉಳಿದಿಲ್ಲವೆಂಬ ಭಾವವು ಎರಡರಲ್ಲಿಯೂ ಇದೆ.

೧೮೭೪ರಲ್ಲಿ ಅಡಾಲ್ಫ್ ಕುಸ್‌ಮೌಲ್ ಎಂಬ ಜರ್ಮನ್ ವೈದ್ಯನು ಮಧುಮೇಹದಿಂದ ಪ್ರಜ್ಞೆತಪ್ಪಿ ಮಲಗಿದ್ದ ರೋಗಿಗಳಲ್ಲಿ ಇಂತಹುದೇ ಆಳವಾದ, ಸದ್ದುಳ್ಳ, ದಣಿವರಿಯದ ಉಸಿರಾಟವನ್ನು ಕಂಡು ವರ್ಣಿಸಿದನು. ಅವನು ಕಂಡ ರೋಗಿಗಳೂ ಬದುಕಲಿಲ್ಲ. ಆದರೆ ಅಲ್ಲಿಂದ ಮುಂದಣ ನೂರು ವರ್ಷಗಳಲ್ಲಿ ಆ ಉಸಿರಿನ ಅರ್ಥವು ಬದಲಾಯಿತು. ರಕ್ತದಲ್ಲಿ ಅಮ್ಲವು ಮಿತಿಮೀರಿದಾಗ ದೇಹವು ಅದನ್ನು ಉಸಿರಿನ ಮೂಲಕ ಹೊರಹಾಕಲು ಹೆಣಗುವುದೇ ಆ ಆಳವಾದ ಶ್ವಾಸದ ಕಾರಣವೆಂದು ಸ್ಪಷ್ಟವಾಯಿತು. ಸಾವಿನ ಗುರುತಾಗಿದ್ದುದು ಹೀಗೆ ಬದುಕಿನ ಹೋರಾಟದ ಗುರುತಾಯಿತು. ಹತ್ತಿರವಿರುವವರು ಏನನ್ನು ಮಾಡಬೇಕೆಂಬುದನ್ನು ತಿಳಿಸುವ ಚಿಹ್ನೆಯಾಯಿತು. ಈ ಮಾರ್ಪಾಡಿನಲ್ಲಿ ಪ್ರಯೋಗಶಾಲೆಯ ಪಾಲು ಎಷ್ಟು, ರೋಗಿಯ ಬಳಿ ಕುಳಿತ ಶುಶ್ರೂಷಕರ ಪಾಲು ಎಷ್ಟು ಎಂಬುದೇ ಪ್ರಕೃತ ವಿಚಾರ. ಪ್ರಯೋಗಶಾಲೆಯೂ ದೊಡ್ಡ ಆಸ್ಪತ್ರೆಯೂ ದೂರವಾಗಿರುವ ಕನಕಪುರ ತಾಲ್ಲೂಕಿನ ಕೋಡಿಹಳ್ಳಿಯಂತಹ ಹೋಬಳಿಯಿಂದ ನೋಡಿದಾಗ ಈ ಪ್ರಶ್ನೆಯ ಭಾರವು ಹೆಚ್ಚಾಗಿ ತೋರುವುದು.

೨

ಮೊದಲು ಶಬ್ದಗಳ ವಿಚಾರ. ಅಮ್ಲವೆಂಬುದು ಸಂಸ್ಕೃತದಲ್ಲಿ ಷಡ್ರಸಗಳಲ್ಲಿ ಒಂದು. ಕನ್ನಡದ ‘ಹುಳಿ’ ಅದಕ್ಕೆ ಸರಿಯಾದ ಮಾತು. ಕ್ಷಾರವೆಂದರೆ ಗಿಡಮರಗಳನ್ನು ಸುಟ್ಟ ಬೂದಿಯಿಂದ ಇಳಿಸಿದ ಖಾರವಾದ ಸಾರ. ಕನ್ನಡನಾಡಿನ ಒಣನೆಲಗಳಲ್ಲಿ ಬೆಳ್ಳಗೆ ಉಬ್ಬಿ ಬರುವ ‘ಚೌಳು’ ಇದರ ಸಹೋದರವಸ್ತು. ಅಗಸರು ಬಟ್ಟೆಯ ಕೊಳೆ ತೆಗೆಯಲು ಚೌಳುಮಣ್ಣನ್ನು ಬಳಸುತ್ತಿದ್ದರು. ೧೮೦೦–೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸಗ್ರಂಥದಲ್ಲಿ ಚನ್ನಪಟ್ಟಣದ ಗಾಜಿನ ಬಳೆಗಳ ಕಸುಬನ್ನು ಹೇಳಿದ್ದಾನೆ. ಗಾಜಿನ ಕಸುಬಿಗೂ ಇಂತಹ ಕ್ಷಾರವೇ ಮೂಲ. ಹುಳಿಯೂ ಚೌಳೂ ಹೀಗೆ ಈ ಭಾಗದ ಜನರ ಅಡುಗೆಮನೆಗೂ ಕಸುಬಿಗೂ ಚಿರಪರಿಚಿತವಾದ ಪದಾರ್ಥಗಳು.

ಇವೆರಡೂ ಒಂದನ್ನೊಂದು ತಣಿಸುವುವು ಎಂಬ ತಿಳಿವಳಿಕೆಯೂ ಹಳೆಯದೇ. ಸುಶ್ರುತಸಂಹಿತೆಯ ಸೂತ್ರಸ್ಥಾನದ ಹನ್ನೊಂದನೆಯ ಅಧ್ಯಾಯವು ಕ್ಷಾರವನ್ನು ಮಾಡುವ ಕ್ರಮವನ್ನು ವಿಸ್ತಾರವಾಗಿ ಹೇಳುವುದು. ಮೃದು, ಮಧ್ಯಮ, ತೀಕ್ಷ್ಣವೆಂದು ಕ್ಷಾರವು ಮೂರು ಬಗೆ. ಅದನ್ನು ಕಬ್ಬಿಣದ ಪಾತ್ರೆಯಲ್ಲಿ ಮುಚ್ಚಿಡಬೇಕು. ಶಸ್ತ್ರಕ್ರಿಯೆಯಲ್ಲಿ ಕ್ಷಾರವು ಹೆಚ್ಚಾಗಿ ಸುಟ್ಟರೆ ಹುಳಿಯಾದ ದ್ರವಗಳಿಂದ ಅದನ್ನು ಶಮನಮಾಡಬೇಕೆಂದು ಅಲ್ಲಿ ವಿಧಿಸಲ್ಪಟ್ಟಿದೆ. ತೀಕ್ಷ್ಣವಾದ ಅಮ್ಲದಿಂದ ಮತ್ತೊಂದು ತೀಕ್ಷ್ಣವಸ್ತು ಹೇಗೆ ತಣಿಯುವುದೆಂಬ ಶಂಕೆಯನ್ನು ಗ್ರಂಥವೇ ಎತ್ತಿ, ಅಮ್ಲದೊಡನೆ ಬೆರೆತ ಕ್ಷಾರವು ತನ್ನ ತೀಕ್ಷ್ಣತೆಯನ್ನು ಬಿಟ್ಟು ಮಾಧುರ್ಯವನ್ನು ಪಡೆಯುವುದೆಂದು ಸಮಾಧಾನ ಹೇಳುತ್ತದೆ. ಕಂಡ ಸಂಗತಿಗೆ ಕಾರಣವನ್ನು ಕೇಳಿ ಉತ್ತರಿಸುವ ಈ ಭಾಗವು ರಸಾಯನಶಾಸ್ತ್ರದ ಚರಿತ್ರೆಯಲ್ಲಿ ಗಣನೀಯವಾದುದು.

ಕನ್ನಡದಲ್ಲಿಯೂ ವೈದ್ಯವಾಙ್ಮಯವು ಬೇಗನೆ ಬೆಳೆಯಿತು. ಹನ್ನೊಂದನೆಯ ಶತಮಾನದ ಲೋಕೋಪಕಾರದಲ್ಲಿ ಚಾವುಂಡರಾಯನು ಅಡುಗೆ, ಜಲಾನ್ವೇಷಣೆಗಳ ಜೊತೆಗೆ ಚಿಕಿತ್ಸೆಯನ್ನೂ ಹೇಳಿದನು. ಹನ್ನೆರಡನೆಯ ಶತಮಾನದಲ್ಲಿ ಕೀರ್ತಿವರ್ಮನು ಗೋವೈದ್ಯವನ್ನೂ ಜಗದ್ದಳ ಸೋಮನಾಥನು ಕರ್ಣಾಟಕ ಕಲ್ಯಾಣಕಾರಕವನ್ನೂ ರಚಿಸಿದರು. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನ ಖಗೇಂದ್ರಮಣಿದರ್ಪಣವು ವಿಷವೈದ್ಯಕ್ಕೆ ಮೀಸಲಾಗಿ ಹುಟ್ಟಿತು. ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯಿಂದ ಈ ಪರಂಪರೆಯ ಪರಿಚಯವು ವಿದ್ವಾಂಸರಿಗೆ ಸುಲಭವಾಗಿದೆ.

ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪ್ರಾಚೀನರ ಅಮ್ಲವು ನಾಲಗೆಗೆ ತಿಳಿಯುವ ರಸ. ಇಂದಿನ ಶರೀರಶಾಸ್ತ್ರವು ಹೇಳುವ ರಕ್ತದ ಅಮ್ಲತೆಯು ನಾಲಗೆಗೆ ನಿಲುಕದ್ದು. ಮಾಧವನಿದಾನದಲ್ಲಿ ಹೇಳಿರುವ ಅಮ್ಲಪಿತ್ತವು ಹೊಟ್ಟೆಯ ಹುಳಿತೇಗಿಗೆ ಸಂಬಂಧಿಸಿದ್ದು. ಅದನ್ನು ರಕ್ತದ ಅಮ್ಲವೈಷಮ್ಯದೊಡನೆ ಬೆರಸಬಾರದು. ಹುಣಿಸೆಯನ್ನೋ ನಿಂಬೆಯನ್ನೋ ತಿಂದರೆ ರಕ್ತವೇ ಹುಳಿಯಾಗುವುದೆಂಬ ಜನನಂಬಿಕೆಗೆ ಈ ಶಬ್ದಸಾಮ್ಯವೂ ಒಂದು ಕಾರಣವಾಗಿರಬಹುದು. ಇಂದಿನ ಕನ್ನಡ ಪಠ್ಯಪುಸ್ತಕಗಳು ರಸಾಯನದ ಅರ್ಥಕ್ಕೆ ‘ಆಮ್ಲ’ ಎಂಬ ದೀರ್ಘರೂಪವನ್ನೂ ಅದರ ಪ್ರತಿಪಕ್ಷಕ್ಕೆ ‘ಪ್ರತ್ಯಾಮ್ಲ’ ಎಂಬ ಹೊಸ ಪದವನ್ನೂ ಬಳಸುತ್ತವೆ. ನಾಲಗೆಯ ಹುಳಿಯನ್ನೂ ರಕ್ತದ ಆಮ್ಲವನ್ನೂ ಬೇರ್ಪಡಿಸಲು ಈ ಭೇದವು ಉಪಕಾರಿ.

೩

ರಕ್ತದ ಆಮ್ಲ–ಕ್ಷಾರಗಳ ವಿಚಾರವು ವೈದ್ಯರ ಗಮನಕ್ಕೆ ಬಂದುದು ಒಂದು ಭಾರತೀಯ ಪಿಡುಗಿನ ದೆಸೆಯಿಂದ. ೧೮೧೭ರಲ್ಲಿ ಬಂಗಾಳದ ಜೆಸ್ಸೂರಿನಲ್ಲಿ ತಲೆದೋರಿದ ಕಾಲರಾ ರೋಗವು ಮಾರನೆಯ ವರ್ಷವೇ ದಕ್ಷಿಣಾಪಥಕ್ಕೆ ಇಳಿಯಿತು. ಕನ್ನಡದಲ್ಲಿ ಅದಕ್ಕೆ ವಾಂತಿಭೇದಿಯೆಂಬ ಹೆಸರು ನಿಂತಿತು. ಶಾಸ್ತ್ರದಲ್ಲಿ ವಿಷೂಚಿಕೆಯೆಂಬ ರೋಗವು ಮೊದಲೇ ಹೇಳಲ್ಪಟ್ಟಿದ್ದರೂ ಊರಿಗೂರನ್ನೇ ಬರಿದುಮಾಡುವ ಈ ರೂಪಕ್ಕೆ ಜನರು ಮಾರಿಯ ಕೋಪವೆಂಬ ವಿವರಣೆಯನ್ನೇ ಹೆಚ್ಚಾಗಿ ನಂಬಿದರು. ಮುಂಜಾನೆ ಆರೋಗ್ಯವಾಗಿದ್ದವನು ಸಂಜೆಗೆ ಇಲ್ಲವಾಗುವ ರೋಗವದು. ತೀವ್ರವಾದ ಅವಸ್ಥೆಯಲ್ಲಿ ದೊಡ್ಡವರ ದೇಹದಿಂದ ಗಂಟೆಗೆ ಒಂದು ಲೀಟರಿನಷ್ಟು ನೀರು ಹರಿದು ಹೋಗಬಹುದು.

ಪಿಡುಗು ೧೮೩೧ರ ವೇಳೆಗೆ ಇಂಗ್ಲೆಂಡನ್ನು ಮುಟ್ಟಿತು. ಅಲ್ಲಿ ವಿಲಿಯಂ ಬ್ರೂಕ್ ಓಷಾನೆಸಿ ಎಂಬ ತರುಣ ವೈದ್ಯನು ರೋಗಿಗಳ ರಕ್ತವನ್ನೂ ವಿಸರ್ಜನೆಯನ್ನೂ ಪರೀಕ್ಷಿಸಿ, ರಕ್ತದಲ್ಲಿ ನೀರೂ ಲವಣವೂ ಕ್ಷಾರವೂ ಕುಂದಿರುವುದನ್ನು, ಅವೇ ವಿಸರ್ಜನೆಯಲ್ಲಿ ಇರುವುದನ್ನು ತೋರಿಸಿದನು. ಈತನೇ ಮುಂದೆ ಕಲ್ಕತ್ತೆಗೆ ಬಂದು ಅಲ್ಲಿಯ ವೈದ್ಯಕಾಲೇಜಿನಲ್ಲಿ ರಸಾಯನವನ್ನು ಬೋಧಿಸಿದವನು. ಭಾರತಕ್ಕೆ ತಂತಿಯ ವ್ಯವಸ್ಥೆಯನ್ನು ತಂದವನು.

ಓಷಾನೆಸಿಯ ಶೋಧನೆಯನ್ನು ಓದಿದ ಥಾಮಸ್ ಲಟ್ಟಾ ಎಂಬುವನು ಸ್ಕಾಟ್ಲೆಂಡಿನ ಲೀತ್ ಪಟ್ಟಣದಲ್ಲಿ ೧೮೩೨ರಲ್ಲಿ ಒಂದು ಸಾಹಸವನ್ನು ಕೈಕೊಂಡನು. ಅಡುಗೆಯ ಉಪ್ಪನ್ನೂ ಸೋಡಾಕ್ಷಾರವನ್ನೂ ನೀರಿನಲ್ಲಿ ಕರಗಿಸಿ ರಕ್ತನಾಳದೊಳಕ್ಕೆ ಹೊಗಿಸಿದನು. ಮೊದಲನೆಯ ರೋಗಿಯು ಸಾವಿನ ಬಾಯಲ್ಲಿದ್ದ ವೃದ್ಧೆ. ಅರ್ಧ ಗಂಟೆಯಲ್ಲಿ ಆರು ಪೈಂಟ್, ಎಂದರೆ ಸುಮಾರು ಮೂರೂವರೆ ಲೀಟರು, ದ್ರವವು ಒಳಸೇರುವಷ್ಟರಲ್ಲಿ ಅವಳ ಕಣ್ಣಿಗೆ ಕಳೆ ಬಂದಿತು, ನಾಡಿ ಮರಳಿತು, ಮಾತು ಹೊರಟಿತು. ಲಟ್ಟಾ ಅವಳನ್ನು ಆಸ್ಪತ್ರೆಯ ವೈದ್ಯನಿಗೆ ಒಪ್ಪಿಸಿ ಹೊರಟುಹೋದನು. ಸ್ವಲ್ಪ ಹೊತ್ತಿನಲ್ಲಿಯೇ ವಾಂತಿಯೂ ಭೇದಿಯೂ ಮರುಕೊಳಿಸಿದುವು. ಅವನಿಗೆ ಯಾರೂ ಸುದ್ದಿ ಮುಟ್ಟಿಸಲಿಲ್ಲ. ಅವನು ಹೋದ ಐದೂವರೆ ಗಂಟೆಗೆ ಅವಳು ತೀರಿಕೊಂಡಳು.

ಈ ಪ್ರಸಂಗವನ್ನು ವೈದ್ಯಚರಿತ್ರಕಾರರು ಚಿಕಿತ್ಸೆಯ ಪ್ರಥಮ ವಿಜಯವೆಂದು ಎಣಿಸುವುದು ನ್ಯಾಯವೇ. ಆದರೆ ಅದು ಶುಶ್ರೂಷೆಯ ಪರಾಭವವೂ ಆಗಿತ್ತೆಂಬುದನ್ನು ಮರೆಯಲಾಗದು. ಮದ್ದು ಸರಿಯಾಗಿತ್ತು, ಕಾರಣದ ಅರಿವು ಸರಿಯಾಗಿತ್ತು. ಕೊರತೆಯಾದುದು ಬಳಿಯಲ್ಲಿ ಕುಳಿತು ಹೋದುದನ್ನು ಅಳೆದು, ಅಷ್ಟನ್ನು ಮತ್ತೆ ತುಂಬಿ, ಕೆಟ್ಟ ಲಕ್ಷಣ ಕಂಡೊಡನೆ ಕೂಗಿ ಕರೆಯುವವರು. ಲಟ್ಟಾ ಮಾರನೆಯ ವರ್ಷವೇ ತೀರಿಕೊಂಡನು. ಅವನ ಉಪಾಯವು ಬಹುಕಾಲ ಮರೆಯಾಗಿ, ರಕ್ತ ತೆಗೆಯುವುದೂ ಪಾದರಸದ ಭಸ್ಮವನ್ನು ಕೊಡುವುದೂ ಯೂರೋಪಿನ ವೈದ್ಯರಲ್ಲಿ ಮುಂದುವರಿದುವು. ನೀರು ಬತ್ತಿದ ದೇಹದಿಂದ ರಕ್ತವನ್ನೂ ತೆಗೆದ ಆ ಪದ್ಧತಿಯ ಎದುರಿಗೆ ಹಳ್ಳಿಯ ಅಜ್ಞಾನವನ್ನು ಮಾತ್ರ ಹಳಿಯುವುದು ಸಲ್ಲದು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಲಿಯೊನಾರ್ಡ್ ರಾಜರ್ಸ್ ಲವಣಜಲದ ಚಿಕಿತ್ಸೆಯನ್ನು ಮತ್ತೆ ನೆಲೆಗೊಳಿಸಿದನು. ಮರಣಗಳು ಬಹುಮಟ್ಟಿಗೆ ಇಳಿದರೂ, ವಾಂತಿಭೇದಿ ನಿಂತ ಮೇಲೆ ಮೂತ್ರ ಕಟ್ಟಿ ಸಾಯುವವರು ಉಳಿದರು. ಅದೇ ಕಾಲದಲ್ಲಿ ಮನಿಲಾದಲ್ಲಿ ಆಂಡ್ರ್ಯೂ ಸೆಲಾರ್ಡ್ಸ್ ಒಂದು ಸರಳವಾದ ಪರೀಕ್ಷೆಯನ್ನು ಮಾಡಿದನು. ಆರೋಗ್ಯವಂತನಿಗೆ ಸುಮಾರು ೫ ಗ್ರಾಂ ಅಡುಗೆಸೋಡಾ ಕೊಟ್ಟರೆ ಮೂತ್ರವು ಕ್ಷಾರಗುಣಕ್ಕೆ ತಿರುಗುವುದು. ಕಾಲರಾ ರೋಗಿಗಳಿಗೆ ಅದರ ಎಷ್ಟೋ ಪಾಲು ಕೊಟ್ಟರೂ ತಿರುಗುತ್ತಿರಲಿಲ್ಲ. ಬರಡುನೆಲವು ಮಳೆಯನ್ನು ಹೀರುವಂತೆ ಅವರ ದೇಹವು ಕ್ಷಾರವನ್ನು ಹೀರುತ್ತಿದ್ದಿತು. ಓಷಾನೆಸಿ ಕಂಡ ಕ್ಷಾರನಷ್ಟವು ಹೀಗೆ ದೃಢಪಟ್ಟಿತು. ರಾಜರ್ಸನೂ ೧೯೧೫ರ ಸುಮಾರಿಗೆ ತನ್ನ ದ್ರವಕ್ಕೆ ಸೋಡಾಕ್ಷಾರವನ್ನು ಸೇರಿಸಿದನು. ಮೂತ್ರ ಕಟ್ಟಿ ಸಾಯುವವರು ಕಡಿಮೆಯಾದರು.

೪

ಈಗ ಮಹಾಶ್ವಾಸದ ಕಾರಣವನ್ನು ಹೇಳಬಹುದು. ದೇಹದಲ್ಲಿ ಆಹಾರವು ಉರಿದಂತೆಲ್ಲ ಆಮ್ಲವು ಹುಟ್ಟುತ್ತಲೇ ಇರುವುದು. ಅದನ್ನು ತಡೆದುಕೊಳ್ಳಲು ರಕ್ತದಲ್ಲಿ ಬೈಕಾರ್ಬೊನೇಟ್ ಎಂಬ ಕ್ಷಾರದ ನಿಧಿಯಿದೆ. ಹುಟ್ಟಿದ ಆಮ್ಲವನ್ನು ಇಂಗಾಲಾಮ್ಲವಾಗಿ ಮಾರ್ಪಡಿಸಿ ಪುಪ್ಪುಸವು ಅನಿಲರೂಪದಲ್ಲಿ ಹೊರದೂಡುವುದು. ಉಳಿದುದನ್ನು ಮೂತ್ರಪಿಂಡಗಳು ನಿಧಾನವಾಗಿ ಕಳೆಯುವುವು. ಉಸಿರಿನ ಕೆಲಸಕ್ಕೆ ನಿಮಿಷಗಳು ಸಾಕು, ಮೂತ್ರಪಿಂಡದ ಕೆಲಸಕ್ಕೆ ದಿನಗಳು ಬೇಕು. ವಾಂತಿಭೇದಿಯಲ್ಲಿ ಕ್ಷಾರವು ಭೇದಿಯ ದಾರಿಯಲ್ಲಿ ಹರಿದುಹೋಗುವುದು. ಮಧುಮೇಹದಲ್ಲಿ ಕೊಬ್ಬು ಅರೆಬರೆಯಾಗಿ ಉರಿದು ಹುಟ್ಟಿದ ಆಮ್ಲಗಳು ಕ್ಷಾರದ ನಿಧಿಯನ್ನು ತಿಂದುಹಾಕುವುವು. ಎರಡರಲ್ಲಿಯೂ ದೇಹವು ತನ್ನ ಕೈಯಲ್ಲಿರುವ ಬೇಗದ ಉಪಾಯವನ್ನೇ ಹಿಡಿಯುವುದು: ಆಳವಾಗಿ, ಎಡೆಬಿಡದೆ ಉಸಿರಾಡುವುದು.

ಇದನ್ನು ಅಂಕೆಗಳಲ್ಲಿ ಹಿಡಿಯುವ ವಿದ್ಯೆಯು ಕೆಲವೇ ವರ್ಷಗಳಲ್ಲಿ ಬೆಳೆಯಿತು. ೧೯೦೮ರಲ್ಲಿ ಲಾರೆನ್ಸ್ ಹೆಂಡರ್ಸನ್ ರಕ್ತದ ಸಮತೋಲನದ ಸೂತ್ರವನ್ನು ಕಂಡನು. ೧೯೦೯ರಲ್ಲಿ ಡೆನ್ಮಾರ್ಕಿನ ಸೊರೆನ್‌ಸನ್ ಆಮ್ಲತೆಗೆ ಪಿ.ಎಚ್. ಎಂಬ ಅಳತೆಯನ್ನು ಕೊಟ್ಟನು. ಅನಂತರ ಹಾಸೆಲ್‌ಬಾಕ್ ಎರಡನ್ನೂ ಕೂಡಿಸಿದನು. ವ್ಯಾನ್ ಸ್ಲೈಕ್ ರಕ್ತದ ಕ್ಷಾರನಿಧಿಯನ್ನು ಅಳೆಯುವ ಉಪಕರಣವನ್ನು ನಿರ್ಮಿಸಿದನು. ಆರೋಗ್ಯವಂತನ ಅಪಧಮನಿಯ ರಕ್ತದ ಪಿ.ಎಚ್. ೭.೩೫ರಿಂದ ೭.೪೫ರೊಳಗೆ ನಿಲ್ಲುವುದು. ಬೈಕಾರ್ಬೊನೇಟ್ ೨೦ ಪಾಲಿದ್ದರೆ ಇಂಗಾಲಾಮ್ಲ ಒಂದು ಪಾಲು. ಈ ಪ್ರಮಾಣ ಕೆಡದಂತೆ ಪುಪ್ಪುಸವೂ ಮೂತ್ರಪಿಂಡವೂ ಹಗಲಿರುಳು ಕಾದಿರುವುವು.

ಆದರೆ ಅಂಕೆಯೊಂದೇ ಸಾಲದೆಂಬುದಕ್ಕೆ ೧೯೫೨ರ ಕೋಪನ್‌ಹೇಗನ್ ನಗರದ ಪ್ರಸಂಗವು ನಿದರ್ಶನ. ಅಲ್ಲಿ ಪೋಲಿಯೊ ಪಿಡುಗಿನಲ್ಲಿ ಉಸಿರಿನ ಸ್ನಾಯುಗಳು ಸೋತ ರೋಗಿಗಳ ರಕ್ತದಲ್ಲಿ ಬೈಕಾರ್ಬೊನೇಟ್ ಹೆಚ್ಚಾಗಿ ಕಂಡಿತು. ಇದು ಕ್ಷಾರಾಧಿಕ್ಯವೆಂದು ಮೊದಲು ಭಾವಿಸಿದರು. ಉಸಿರು ಸಾಲದೆ ಇಂಗಾಲಾಮ್ಲವು ಒಳಗೇ ಕೂಡಿಕೊಂಡಿದೆಯೆಂದು ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆಯ ತಜ್ಞನು ತೋರಿಸಿಕೊಟ್ಟನು. ಅದೇ ಅಂಕೆಯು, ಅರ್ಥವು ಮಾತ್ರ ವಿರುದ್ಧ. ಕಾರಣ ತಿಳಿದ ಮೇಲೆ ರೋಗಿಗಳ ಗಂಟಲಿಗೆ ನಳಿಕೆಯನ್ನಿಟ್ಟು ಸುಮಾರು ೧೫೦೦ ಮಂದಿ ವೈದ್ಯವಿದ್ಯಾರ್ಥಿಗಳು ಸರದಿಯ ಮೇಲೆ ರಬ್ಬರಿನ ಚೀಲವನ್ನು ಕೈಯಿಂದಲೇ ಹಿಸುಕಿ ವಾರಗಟ್ಟಲೆ ಉಸಿರನ್ನು ಊದಿದರು. ಬಹುಪಾಲು ಸಾಯುತ್ತಿದ್ದ ರೋಗಿಗಳಲ್ಲಿ ಬಹುಪಾಲು ಬದುಕಿದರು. ಅಂಕೆಯು ದಾರಿಯನ್ನು ತೋರಿತು, ನಡೆಸಿದವು ಕೈಗಳು.

ಈ ಪ್ರಸಂಗವು ಮತ್ತೊಂದು ಪಾಠವನ್ನೂ ಕಲಿಸುತ್ತದೆ. ಆಳವಾದ ಉಸಿರೇ ಅಪಾಯ, ಶಾಂತವಾದ ಉಸಿರೇ ಕ್ಷೇಮ ಎಂಬುದು ಸಾಮಾನ್ಯರ ಎಣಿಕೆ. ತಮಕಶ್ವಾಸದ ರೋಗಿಯು ಗಂಟೆಗಟ್ಟಲೆ ಏದುಸಿರುಬಿಟ್ಟು ದಣಿದು, ಉಸಿರು ಮೆಲ್ಲನಾಗಿ, ಮಂಪರು ಕವಿದರೆ, ಮನೆಯವರು ನಿದ್ದೆ ಬಂದಿತೆಂದು ನೆಮ್ಮದಿಪಡುವರು. ಶುಶ್ರೂಷೆಯನ್ನು ಕಲಿತವರು ಆಗಲೇ ಹೆದರುವರು. ಏಕೆಂದರೆ ಇಂಗಾಲಾಮ್ಲವು ಒಳಗೆ ಕೂಡಿಕೊಳ್ಳುವುದು ಆ ಮೌನದಲ್ಲಿಯೇ.

೫

ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುವುದು: ವೈದ್ಯ, ಔಷಧ, ಉಪಸ್ಥಾತೃ, ರೋಗಿ. ಉಪಸ್ಥಾತೃವೆಂದರೆ ಬಳಿಯಲ್ಲಿ ನಿಂತು ಉಪಚರಿಸುವವನು. ಉಪಚಾರದ ತಿಳಿವು, ದಕ್ಷತೆ, ಅನುರಾಗ, ಶುಚಿತ್ವ ಎಂಬ ನಾಲ್ಕು ಗುಣಗಳು ಅವನಲ್ಲಿರಬೇಕು. ಗಂಜಿ ಬೇಯಿಸುವುದು, ಮೀಯಿಸುವುದು, ಮೈ ಒತ್ತುವುದು, ಎತ್ತಿ ಕೂರಿಸುವುದು ಇವೆಲ್ಲ ಬಲ್ಲ ಪರಿಚಾರಕರು ರೋಗಿಯ ಮನೆಯಲ್ಲಿರಬೇಕೆಂದು ಸೂತ್ರಸ್ಥಾನದ ಮತ್ತೊಂದು ಅಧ್ಯಾಯವು ವಿಧಿಸಿದೆ. ನಾಲ್ಕು ಗುಣಗಳಲ್ಲಿ ತಿಳಿವನ್ನು ಮೊದಲಿಟ್ಟಿರುವುದು ಗಮನಾರ್ಹ. ಅನುರಾಗವು ಮನೆಯವರಲ್ಲಿ ಧಾರಾಳವಾಗಿದ್ದರೂ ತಿಳಿವಿಲ್ಲದಿದ್ದರೆ ಅದೇ ಅಪಾಯಕ್ಕೆ ಕಾರಣವಾಗುವುದು. ಭೇದಿಯಾದವನಿಗೆ ನೀರು ಕೊಟ್ಟರೆ ಭೇದಿಯು ಹೆಚ್ಚುವುದೆಂದು ಬಾಯಾರಿ ಬೇಡುವ ಮಗುವಿಗೆ ನೀರನ್ನು ತಡೆದ ತಾಯಂದಿರು ಪ್ರೀತಿಯಿಲ್ಲದವರಲ್ಲ.

ಮೈಸೂರು ಸಂಸ್ಥಾನದಲ್ಲಿ ಹೊಸ ಬಗೆಯ ಆಸ್ಪತ್ರೆಯ ಶುಶ್ರೂಷೆಯು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ನೆಲೆಗೊಂಡಿತು. ಬೆಂಗಳೂರಿನ ಸೇಂಟ್ ಮಾರ್ಥಾ ಆಸ್ಪತ್ರೆಯು ೧೮೮೬ರಲ್ಲಿಯೂ, ವಿಕ್ಟೋರಿಯಾ ಆಸ್ಪತ್ರೆಯು ೧೯೦೦ರಲ್ಲಿಯೂ, ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು ೧೯೦೬ರಲ್ಲಿಯೂ ತಲೆಯೆತ್ತಿದುವು. ಆದರೆ ಇವೆಲ್ಲ ನಗರಗಳ ಸಂಸ್ಥೆಗಳು. ಹಳ್ಳಿಗಳ ಕಡೆಗೆ ದೃಷ್ಟಿ ಹರಿದುದು ೧೯೩೦ರ ದಶಕದಲ್ಲಿ. ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಸಂಸ್ಥಾನದ ಆರೋಗ್ಯ ಇಲಾಖೆಯು ಕ್ಲೋಸ್‌ಪೇಟೆಯಲ್ಲಿ, ಎಂದರೆ ಇಂದಿನ ರಾಮನಗರದಲ್ಲಿ, ಗ್ರಾಮಾರೋಗ್ಯ ಕೇಂದ್ರವೊಂದನ್ನು ತೆರೆಯಿತು. ಸುತ್ತಣ ಹಳ್ಳಿಗಳೇ ಅಲ್ಲಿಯ ಪಾಠಶಾಲೆ; ಆರೋಗ್ಯ ಸಿಬ್ಬಂದಿಯು ಮನೆಮನೆಗೆ ಹೋಗಿ ಕೆಲಸವನ್ನು ಕಲಿಯಬೇಕಾಗಿದ್ದಿತು. ಆಗ ಕಾನಕಾನಹಳ್ಳಿಯೆಂಬ ಹೆಸರಿದ್ದ ಕನಕಪುರದ ತಾಲ್ಲೂಕು ಇದರ ನೆರೆಯದು. ಎರಡೂ ಆಗ ಬೆಂಗಳೂರು ಜಿಲ್ಲೆಗೆ ಸೇರಿದ್ದು, ೨೦೦೭ರಲ್ಲಿ ರಾಮನಗರವು ಪ್ರತ್ಯೇಕ ಜಿಲ್ಲೆಯಾದಾಗ ಕೂಡಿಯೇ ಬಂದುವು.

ಆ ಕಾಲದ ಅಭಾವವು ಎಷ್ಟೆಂಬುದನ್ನು ಸರ್ ಜೋಸೆಫ್ ಭೋರ್ ಸಮಿತಿಯು ೧೯೪೬ರಲ್ಲಿ ಒಪ್ಪಿಸಿದ ವರದಿಯಿಂದ ಊಹಿಸಬಹುದು. ಬ್ರಿಟಿಷ್ ಇಂಡಿಯಾದಲ್ಲಿ ಸುಮಾರು ೬,೩೦೦ ಜನಕ್ಕೆ ಒಬ್ಬ ವೈದ್ಯನಿದ್ದರೆ ೪೩,೦೦೦ ಜನಕ್ಕೆ ಒಬ್ಬ ದಾದಿ. ಮೈಸೂರು ಬ್ರಿಟಿಷ್ ಇಂಡಿಯಾಕ್ಕೆ ಸೇರಿರಲಿಲ್ಲವಾದರೂ ಅಭಾವದ ಸ್ವರೂಪವು ಅಲ್ಲಿ ಬೇರೆಯಾಗಿದ್ದಿತೆಂದು ಎಣಿಸಲು ಕಾರಣವಿಲ್ಲ. ನಾಲ್ಕು ಪಾದಗಳಲ್ಲಿ ಮೂರನೆಯದೇ ಎಲ್ಲಕ್ಕಿಂತ ಕುಂಟಾಗಿದ್ದಿತು. ಹಳ್ಳಿಯಲ್ಲಿ ಆ ಪಾದವನ್ನು ಊರಿದ್ದವರು ಮನೆಯ ಹೆಂಗಸರೂ ಸೂಲಗಿತ್ತಿಯರೂ.

ಆಮ್ಲ–ಕ್ಷಾರ ವೈಷಮ್ಯದಲ್ಲಿ ಶುಶ್ರೂಷಕರ ಕೆಲಸವೇನೆಂಬುದನ್ನು ಇಲ್ಲಿ ಸ್ಥೂಲವಾಗಿ ಹೇಳಬೇಕು. ಉಸಿರನ್ನು ಪೂರ್ಣವಾಗಿ ಒಂದು ನಿಮಿಷ ಎಣಿಸುವುದು, ಎಣಿಕೆಯೊಡನೆ ಅದರ ಆಳವನ್ನೂ ಲಯವನ್ನೂ ಬರೆದಿಡುವುದು. ಒಳಗೆ ಹೋದ ದ್ರವವನ್ನೂ ಹೊರಗೆ ಬಂದುದನ್ನೂ ಅಳೆಯುವುದು. ಮೂತ್ರವು ಎಂದು ಮತ್ತೆ ಹೊರಟಿತೆಂದು ಕಾಯುವುದು. ಅರಿವು ತಿಳಿಯಾಗಿದೆಯೆ ಮಂಕಾಗಿದೆಯೆ ಎಂದು ಮತ್ತೆಮತ್ತೆ ಮಾತನಾಡಿಸಿ ನೋಡುವುದು. ಕಾಲರಾ ವಾರ್ಡುಗಳಲ್ಲಿ ನಡುವೆ ರಂಧ್ರವಿರುವ ದಪ್ಪಬಟ್ಟೆಯ ಮಂಚವನ್ನು ಬಳಸುವರು. ಕೆಳಗಿನ ಬಕೆಟ್ಟಿನಲ್ಲಿ ಬಿದ್ದುದೆಷ್ಟೋ ಮೇಲಿನಿಂದ ಕೊಡಬೇಕಾದುದಷ್ಟು. ಲಟ್ಟಾನ ವೃದ್ಧೆಯ ಬಳಿ ಇಲ್ಲದೆ ಹೋದ ಲೆಕ್ಕವು ಇದೇ. ಕ್ಷಾರವನ್ನು ತುಂಬಿದಂತೆ ರಕ್ತದ ಪೊಟ್ಯಾಸಿಯಂ ಜೀವಕೋಶಗಳ ಒಳಕ್ಕೆ ಸರಿಯುವುದು. ಭೇದಿಯಲ್ಲಿ ಮೊದಲೇ ಅದು ನಷ್ಟವಾಗಿರುವುದರಿಂದ ಕೈಕಾಲು ಸೋಲುವುದು, ಹೊಟ್ಟೆಯುಬ್ಬರ, ನಾಡಿಯ ತಪ್ಪುಹೆಜ್ಜೆ ಇವು ಕಾಣಿಸಿಕೊಳ್ಳಬಹುದು. ಬರಿಯ ವಾಂತಿಯೇ ದೀರ್ಘವಾದಾಗ ನಷ್ಟವಾಗುವುದು ಜಠರದ ಆಮ್ಲ; ಆಗ ವೈಷಮ್ಯವು ಕ್ಷಾರದ ಕಡೆಗೆ ವಾಲಿ ಉಸಿರು ಆಳವಾಗುವ ಬದಲು ಮೆಲ್ಲನಾಗುವುದು. ವಾಂತಿಯೆಷ್ಟು, ಭೇದಿಯೆಷ್ಟು ಎಂದು ಬೇರೆಬೇರೆ ಬರೆದಿಟ್ಟವರಿಗೆ 'ವಾಂತಿಭೇದಿ'ಯೆಂಬ ಜೋಡುನುಡಿಯಲ್ಲಿ ಎರಡು ಎದುರುದಾರಿಗಳು ಅಡಗಿರುವುದು ತಿಳಿಯುವುದು.

೬

ಲವಣಜಲವು ರಕ್ತನಾಳದ ದಾರಿಯಿಂದಲೇ ಹೋಗಬೇಕಾಗಿದ್ದರೆ ಕೋಡಿಹಳ್ಳಿಯಂತಹ ಹೋಬಳಿಗಳಿಗೆ ಈ ಚರಿತ್ರೆಯ ಫಲವು ದೊರೆಯುವುದು ಕಷ್ಟವಾಗಿದ್ದಿತು. ಬಾಯಿಯ ದಾರಿಯನ್ನು ತೆರೆದವರಲ್ಲಿ ಭಾರತೀಯರ ಪಾತ್ರವು ದೊಡ್ಡದು. ೧೯೫೩ರಲ್ಲಿ ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿಯವರು ಹೆಚ್ಚು ತೀವ್ರವಲ್ಲದ ಕಾಲರಾ ರೋಗಿಗಳಿಗೆ ಬಾಯಿಂದಲೇ ದ್ರವವನ್ನು ಕೊಟ್ಟು ಗುಣಪಡಿಸಿದುದನ್ನು ಪ್ರಕಟಿಸಿದರು. ಸಕ್ಕರೆಯು ಜೊತೆಗಿದ್ದರೆ ಕರುಳು ಉಪ್ಪನ್ನೂ ನೀರನ್ನೂ ಹೀರುವುದೆಂಬ ತತ್ತ್ವವು ಸ್ಥಿರವಾದ ಮೇಲೆ, ೧೯೬೮ರಲ್ಲಿ ಢಾಕಾದಲ್ಲಿ ಡೇವಿಡ್ ನಾಲಿನ್, ರಿಚರ್ಡ್ ಕ್ಯಾಶ್ ಎಂಬುವರು ಈ ಚಿಕಿತ್ಸೆಯನ್ನು ಕ್ರಮಬದ್ಧವಾಗಿ ಪರೀಕ್ಷಿಸಿದರು.

ನಿಜವಾದ ಒರೆಗಲ್ಲು ಬಂದುದು ೧೯೭೧ರಲ್ಲಿ. ಪೂರ್ವಬಂಗಾಳದ ನಿರಾಶ್ರಿತರು ತುಂಬಿದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಹಾಕುವ ದ್ರವವು ಮುಗಿಯುತ್ತ ಬಂದಿತು. ಆಗ ದಿಲೀಪ ಮಹಲನಬೀಸ್ ಅವರು ಉಪ್ಪು, ಅಡುಗೆಸೋಡಾ, ಗ್ಲೂಕೋಸುಗಳನ್ನು ಬೆರಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ರೋಗಿಗಳ ತಾಯಿತಂದೆ ಒಡಹುಟ್ಟಿದವರಿಂದಲೇ ಲೋಟಗಳಲ್ಲಿ ಕುಡಿಸಿದರು. ಮೊದಲು ನೂರಕ್ಕೆ ಮೂವತ್ತರ ಸುಮಾರಿಗಿದ್ದ ಮರಣಪ್ರಮಾಣವು ಈ ಚಿಕಿತ್ಸೆ ಪಡೆದವರಲ್ಲಿ ೩.೬ಕ್ಕೆ ಇಳಿಯಿತು. ಚರಕನ ಉಪಸ್ಥಾತೃವು ಇಲ್ಲಿ ಮತ್ತೆ ಕಾಣಿಸಿಕೊಂಡನು. ಅನುರಾಗಕ್ಕೆ ತಿಳಿವು ಜೊತೆಗೂಡಿತು.

ಮುಂದೆ ಜಗತ್ತಿಗೆಲ್ಲ ಹಂಚಿದ ಮಿಶ್ರಣದಲ್ಲಿ ಒಂದು ಲೀಟರ್ ನೀರಿಗೆ ೩.೫ ಗ್ರಾಂ ಉಪ್ಪು, ೨.೫ ಗ್ರಾಂ ಅಡುಗೆಸೋಡಾ, ೧.೫ ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, ೨೦ ಗ್ರಾಂ ಗ್ಲೂಕೋಸ್ ಇದ್ದುವು. ಸೋಡಾ ಇದ್ದುದು ಕಳೆದುಹೋದ ಕ್ಷಾರವನ್ನು ತುಂಬುವುದಕ್ಕಾಗಿ. ಆದರೆ ಸೆಕೆಯ ನಾಡುಗಳಲ್ಲಿ ಆ ಪೊಟ್ಟಣವು ಬೇಗ ಕೆಡುತ್ತಿದ್ದಿತಾದುದರಿಂದ ೧೯೮೪ರಲ್ಲಿ ಸೋಡಾದ ಬದಲು ೨.೯ ಗ್ರಾಂ ಸಿಟ್ರೇಟನ್ನು ಸೇರಿಸಿದರು. ೨೦೦೨ರಲ್ಲಿ ಉಪ್ಪನ್ನು ೨.೬ ಗ್ರಾಮಿಗೂ ಗ್ಲೂಕೋಸನ್ನು ೧೩.೫ ಗ್ರಾಮಿಗೂ ಇಳಿಸಿದರೂ ಸಿಟ್ರೇಟು ಉಳಿಯಿತು. ಸಿಟ್ರೇಟೆಂಬುದು ನಿಂಬೆಯ ಹುಳಿಯಿಂದಾಗುವ ಲವಣ. ಅದು ದೇಹದೊಳಗೆ ಉರಿದು ಬೈಕಾರ್ಬೊನೇಟಾಗಿ ರಕ್ತದ ಆಮ್ಲವನ್ನು ತಣಿಸುವುದು. ಹುಳಿಯಿಂದ ರಕ್ತವು ಹುಳಿಯಾಗುವುದೆಂಬ ಹಳೆಯ ಭ್ರಾಂತಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಆಮ್ಲ, ಅಮ್ಲಗಳೆಂಬ ಶಬ್ದಭೇದದ ಪ್ರಯೋಜನವೂ ಇಲ್ಲಿ ತಿಳಿಯುವುದು.

ರಾಗಿಯ ನಾಡಾದ ಕನಕಪುರದ ಕಡೆಯಲ್ಲಿ ಬಳಲಿದವರಿಗೆ ಉಪ್ಪು ಹಾಕಿದ ಅಂಬಲಿ, ಗಂಜಿ, ನೀರುಮಜ್ಜಿಗೆಗಳನ್ನು ಕೊಡುವ ರೂಢಿಯು ಬಹುಕಾಲದ್ದು. ಚರಕಸಂಹಿತೆಯು ಇಪ್ಪತ್ತೆಂಟು ಬಗೆಯ ಗಂಜಿಗಳನ್ನು ರೋಗಕ್ಕೆ ತಕ್ಕಂತೆ ಎಣಿಸಿದೆ. ಧಾನ್ಯದ ಪಿಷ್ಟವು ಕರುಳಿನಲ್ಲಿ ಸಕ್ಕರೆಯಾಗಿ ಉಪ್ಪನ್ನೂ ನೀರನ್ನೂ ಒಳಗೊಯ್ಯುವುದೆಂದು ಅಕ್ಕಿಯ ಗಂಜಿಯ ಮೇಲಣ ಆಧುನಿಕ ಪರೀಕ್ಷೆಗಳು ತೋರಿಸಿವೆ. ಇಷ್ಟರಿಂದಲೇ ಪ್ರಾಚೀನರು ಎಲ್ಲವನ್ನೂ ತಿಳಿದಿದ್ದರೆಂದು ಹಿಗ್ಗುವುದು ತರವಲ್ಲ. ಗಂಜಿಯಲ್ಲಿ ನೀರೂ ಪಿಷ್ಟವೂ ಉಪ್ಪೂ ಉಂಟು. ಕಳೆದುಹೋದ ಕ್ಷಾರವನ್ನು ತುಂಬುವಷ್ಟು ಕ್ಷಾರವಿಲ್ಲ. ಗಂಜಿ ಕೊಟ್ಟ ಮನೆಯಲ್ಲಿಯೇ ನೀರನ್ನು ತಡೆದದ್ದೂ ಉಂಟು. ರೂಢಿಯು ಅರ್ಧ ದಾರಿಯನ್ನು ನಡೆದಿದ್ದಿತು. ಉಳಿದರ್ಧವನ್ನು ಓಷಾನೆಸಿಯಿಂದ ಮಹಲನಬೀಸರವರೆಗಿನ ಶೋಧನೆಯು ತುಂಬಿತು.

ಇಂದು ಗ್ರಾಮೀಣ ಕರ್ಣಾಟಕದ ಆಶಾ ಕಾರ್ಯಕರ್ತೆಯರ ಚೀಲದಲ್ಲಿ ಈ ಮಿಶ್ರಣದ ಪೊಟ್ಟಣವಿರುವುದು. ಮಕ್ಕಳ ಭೇದಿಗೆ ಅದರೊಡನೆ ಸತುವಿನ ಗುಳಿಗೆಯನ್ನೂ ಕೊಡಬೇಕೆಂದು ೨೦೦೪ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಯುನಿಸೆಫ್ ಸಂಸ್ಥೆಯೂ ಸೂಚಿಸಿದುವು. ಆದರೆ ಪೊಟ್ಟಣವು ತಾನಾಗಿ ಕುಡಿಸುವುದಿಲ್ಲ. ವಾಂತಿಮಾಡುವ ಮಗುವಿಗೆ ಚಮಚ ಚಮಚವಾಗಿ, ನಿಮಿಷ ಬಿಟ್ಟು ನಿಮಿಷಕ್ಕೆ, ರಾತ್ರಿಯೆಲ್ಲ ಕುಡಿಸಬೇಕಾದವಳು ತಾಯಿ. ಉಸಿರು ಆಳವಾಗಿ, ಕಣ್ಣು ಗುಳಿಬಿದ್ದು, ಕುಡಿಯಲಾರದೆ ಮಗು ಮಂಕಾದರೆ ಇದು ಮನೆಯ ಕೆಲಸವಲ್ಲ, ರಕ್ತನಾಳದ ದಾರಿಯೇ ಬೇಕೆಂದು ತಿಳಿದು ಆಸ್ಪತ್ರೆಗೆ ಹೊರಡಿಸಬೇಕಾದವಳು ನೆರೆಯ ಕಾರ್ಯಕರ್ತೆ.

೭

ಮೇಲ್ಕಂಡ ಸಂಗತಿಗಳಿಂದ ಒಂದು ವಿಷಯವು ಸ್ಪಷ್ಟವಾಗುವುದು. ಮಹಾಶ್ವಾಸವನ್ನು ವರ್ಣಿಸಿದ ಪ್ರಾಚೀನರ ಕಣ್ಣು ಸೂಕ್ಷ್ಮವಾದುದು. ಅವರು ಕಂಡುದರಲ್ಲಿ ತಪ್ಪಿಲ್ಲ. ಅವರ ಕಾಲದಲ್ಲಿ ಅಂತಹ ರೋಗಿಯು ಸಾಯುತ್ತಿದ್ದುದೂ ನಿಜ. ಆದುದರಿಂದ ಅದನ್ನು ಅರಿಷ್ಟವೆಂದು ಕರೆದುದು ಪ್ರಾಮಾಣಿಕವಾದ ನಿರ್ಣಯ. ಲಕ್ಷಣವು ಅಂದಿನಂತೆ ಇಂದೂ ಇದೆ, ರೋಗಿಯ ಸಂಕಟವೂ ಅದೇ. ಬದಲಾದುದು ಕಾರಣದ ಅರಿವು. ಆದರೆ ಆ ಅರಿವು ಪುಸ್ತಕದಲ್ಲಿದ್ದಷ್ಟು ಕಾಲ ಯಾರನ್ನೂ ಉಳಿಸಲಿಲ್ಲವೆಂಬುದಕ್ಕೆ ೧೮೩೨ರಿಂದ ಮುಂದಣ ದೀರ್ಘವಾದ ಮರೆವೇ ಸಾಕ್ಷಿ. ಅದು ಬಳಿಯಲ್ಲಿ ಕುಳಿತವರ ಕೈಗೆ ಬಂದಾಗ ಮಾತ್ರ ಅರಿಷ್ಟವು ಕರ್ತವ್ಯವಾಯಿತು.

ಚರಕನು ಹೇಳಿದ ನಾಲ್ಕು ಪಾದಗಳಲ್ಲಿ ಮೂರನೆಯದರ ಮೇಲೆ ಚರಿತ್ರಕಾರರ ಬೆಳಕು ಬಿದ್ದುದು ಅತ್ಯಲ್ಪ. ಸೂತ್ರಗಳಿಗೆ ಹೆಂಡರ್ಸನ್ನನ ಹೆಸರಿದೆ, ಉಸಿರಿಗೆ ಕುಸ್‌ಮೌಲನ ಹೆಸರಿದೆ. ಬನಗಾಂವ್ ಶಿಬಿರದಲ್ಲಿ ಲೋಟ ಹಿಡಿದ ಕೈಗಳಿಗೆ ಹೆಸರಿಲ್ಲ. ಕೋಡಿಹಳ್ಳಿಯ ಯಾವುದೋ ಮನೆಯಲ್ಲಿ ಇರುಳೆಲ್ಲ ಎಚ್ಚರವಾಗಿದ್ದು ಮಗುವಿನ ಉಸಿರನ್ನು ಎಣಿಸುವ ತಾಯಿಗೆ ಆಮ್ಲ, ಪ್ರತ್ಯಾಮ್ಲಗಳ ಹೆಸರು ತಿಳಿಯದಿರಬಹುದು. ಆ ಉಸಿರು ಆಳವಾದಾಗ ಬಂಧುಗಳಿಗೆ ಹೇಳಿಕಳುಹಿಸದೆ ಗಾಡಿಗೆ ಹೇಳಿಕಳುಹಿಸಬೇಕೆಂಬುದು ಅವಳಿಗೆ ತಿಳಿದಿದ್ದರೆ, ಈ ಚರಿತ್ರೆಯ ಸಾರವು ಅವಳನ್ನು ಮುಟ್ಟಿತೆಂದು ಹೇಳಬಹುದು.